ಕರಾರಿನ ಮನೆಯೂ ಪಾಲನೆಯ ಧರ್ಮವೂ

ಗೃಹಸ್ಥನೆಂಬ ಹೆಸರು ಗೃಹದಿಂದ ಬಂದುದು. ಲಿಂಗಪೂಜೆಗೆ ಕುಳಿತುಕೊಳ್ಳಲು ಒಂದು ಮೂಲೆ, ಹಸಿದು ಬಂದವನಿಗೆ ಎಲೆ ಹಾಕಲು ಒಂದು ಜಗಲಿ, ದುಡಿದು ದಣಿದ ಮೈಯನ್ನು ಚಾಚಲು ಒಂದು ಚಾಪೆಯಗಲದ ನೆಲ, ಇಷ್ಟಾದರೂ ಇಲ್ಲದವನಿಗೆ ಗೃಹಸ್ಥಧರ್ಮವನ್ನು ಬೋಧಿಸುವುದು ಬರಿಯ ಮಾತಾದೀತು. ಶಿವಶರಣರು ಸಂಸಾರವನ್ನು ತೊರೆದು ಅರಣ್ಯವನ್ನು ಸೇರಿರೆಂದು ಹೇಳಿದವರಲ್ಲ. ಅಗಸನು ಮಡಿ ಮಾಡುತ್ತ, ಅಂಬಿಗನು ದೋಣಿ ನಡೆಸುತ್ತ, ನೇಕಾರನು ಮಗ್ಗದ ಮುಂದೆ ಕುಳಿತು, ತನ್ನ ತನ್ನ ಮನೆಯಲ್ಲಿದ್ದುಕೊಂಡೇ ಶಿವಪಥದಲ್ಲಿ ನಡೆಯಬಹುದೆಂದು ಬಾಳಿ ತೋರಿಸಿದವರು ಅವರು. ಆದುದರಿಂದ ದುಡಿಯುವವನಿಗೆ ಮನೆ ದೊರೆಯುವ ಪ್ರಶ್ನೆ ಕೇವಲ ಸರಕಾರದ ಕಾಗದಪತ್ರಗಳ ಪ್ರಶ್ನೆಯಲ್ಲ. ಕಾಯಕವನ್ನೂ ದಾಸೋಹವನ್ನೂ ನಂಬಿದ ಪ್ರತಿಯೊಬ್ಬ ಸದ್ಭಕ್ತನ ಪ್ರಶ್ನೆಯೂ ಅಹುದು.

ಈ ದೊಡ್ಡ ಪ್ರಶ್ನೆಯೊಳಗೆ ಚಿಕ್ಕದಾದರೂ ತೊಡಕಾದ ಇನ್ನೊಂದು ಪ್ರಶ್ನೆ ಅಡಗಿದೆ. ದುಡಿಯುವ ಬಡವನಿಗೆ ಪೇಟೆಯ ಬೆಲೆಗಿಂತ ಬಹಳ ಕಡಿಮೆಗೆ, ಕೆಲವೊಮ್ಮೆ ಬೆಲೆಯಿಲ್ಲದೆಯೇ, ಒಂದು ಮನೆಯೋ ನಿವೇಶನವೋ ದೊರೆಯುತ್ತದೆ. ಆದರೆ ಅದರ ಪತ್ರದಲ್ಲಿ ಒಂದು ಕರಾರು ಇರುತ್ತದೆ: ಇದನ್ನು ಇಂತಿಷ್ಟು ಕಾಲ ಮಾರಕೂಡದು, ಅಥವಾ ಅನುಮತಿಯಿಲ್ಲದೆ ಪರಭಾರೆ ಮಾಡಕೂಡದು, ಅಥವಾ ನಿನ್ನಂತೆಯೇ ದುಡಿಯುವ ನಿವೇಶನರಹಿತನಿಗಲ್ಲದೆ ಬೇರೆಯವರಿಗೆ ಕೊಡಕೂಡದು. ಇಂತಹ ಮನೆಯನ್ನು ಕೊಳ್ಳುವುದು ಲೇಸೆ? ಕೊಂಡವನು ನಿಜವಾಗಿ ಅದರ ಒಡೆಯನೆ? ಕಷ್ಟ ಬಂದಾಗ ಕರಾರನ್ನು ಮುರಿದು ಮಾರಿದರೆ ತಪ್ಪೇನು? ಕೈಯಲ್ಲಿ ಹಣವುಳ್ಳವನು ಅದನ್ನು ಕೊಂಡರೆ ದೋಷವೇನು? ಈ ಪ್ರಶ್ನೆಗಳಿಗೆ ಕಾನೂನು ತನ್ನ ಉತ್ತರವನ್ನು ಕೊಟ್ಟಿದೆ. ಕಾನೂನಿನ ಉತ್ತರ ಮುಗಿದಲ್ಲಿ ಧರ್ಮದ ಉತ್ತರ ಮೊದಲಾಗುತ್ತದೆ.

ಇಂತಹ ಪ್ರಶ್ನೆಯನ್ನು ಬರಿಯ ತರ್ಕವಾಗಿ ನೋಡುವುದಕ್ಕಿಂತ ಒಂದು ನಾಡಿನ ನೆಲದ ಮೇಲೆ ನಿಂತು ನೋಡುವುದು ಮೇಲು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳು ಪಶ್ಚಿಮಘಟ್ಟದ ಬುಡದ ಸೀಮೆ. ಕುಮಾರಧಾರೆಯು ಘಟ್ಟದಿಂದಿಳಿದು ಸುಬ್ರಹ್ಮಣ್ಯ ಕ್ಷೇತ್ರವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಸುಳ್ಯದ ಬದಿಯಲ್ಲಿ ಪಯಸ್ವಿನಿ ಹರಿಯುತ್ತದೆ. ಅಡಕೆ, ತೆಂಗು, ರಬ್ಬರು, ಗೇರು, ಕೊಕ್ಕೊ, ಕರಿಮೆಣಸು ಇಲ್ಲಿನ ಬೆಳೆಗಳು. 1973ರಲ್ಲಿ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಕೆಲಸವನ್ನಾರಂಭಿಸಿತು. ತೋಟದ ಸಂಪತ್ತು ಹೆಚ್ಚಿದಂತೆ ನೆಲದ ಬೆಲೆಯೂ ಹೆಚ್ಚಿತು. ಆದರೆ ಅಡಕೆಯ ಮರವನ್ನೇರಿ ಗೊನೆ ಇಳಿಸುವವನೂ, ಮಳೆಗಾಲದಲ್ಲಿ ಗೊನೆಗಳಿಗೆ ಮದ್ದು ಬಿಡುವವನೂ, ಬೆಳಗಿನ ಜಾವದಲ್ಲೆದ್ದು ರಬ್ಬರಿನ ಹಾಲು ತೆಗೆಯುವವನೂ, ಗೇರುಬೀಜದ ಕಾರ್ಖಾನೆಯಲ್ಲಿ ಕುಳಿತು ಬೀಜ ಸುಲಿಯುವ ಹೆಂಗಸೂ, ಬೀಡಿ ಕಟ್ಟುವ ತಾಯಿಯೂ ಈ ಬೆಲೆಯ ನೆಲವನ್ನು ತಮ್ಮ ಕೂಲಿಯಿಂದ ಕೊಳ್ಳಲಾರರು.

ಇನ್ನೊಂದು ಕಾರಣವೂ ಉಂಟು. ಈ ಸೀಮೆಯಲ್ಲಿ ಸಮನೆಲ ಕಡಿಮೆ. ಗುಡ್ಡದ ಮೇಲೆ ರಕ್ಷಿತಾರಣ್ಯ, ತಗ್ಗಿನಲ್ಲಿ ಅಡಕೆಯ ತೋಟ, ನಡುವೆ ಮುರಕಲ್ಲಿನ ಇಳಿಜಾರು. ವರ್ಗದ ಭೂಮಿ ಕೃಷಿಕನದು. ಅದಕ್ಕೆ ತಾಗಿದ ಕುಮ್ಕಿ ಸರಕಾರದ್ದಾದರೂ ಅಲ್ಲಿನ ಸೊಪ್ಪು ಸೌದೆಯ ಸವಲತ್ತು ಕೃಷಿಕನಿಗೆ ಸೇರಿದ್ದು. ಕೂಲಿಯವನ ಗುಡಿಸಲು ಹಿಂದಿನಿಂದಲೂ ಒಡೆಯರ ನೆಲದ ಅಂಚಿನಲ್ಲಿ, ಅವರ ಮಾತಿನ ಆಧಾರದ ಮೇಲೆ ನಿಂತಿರುತ್ತಿತ್ತು. ಭೂಸುಧಾರಣೆಯ ಕಾನೂನು 1974ರ ಮಾರ್ಚ್ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದ ಮೇಲೆ ಗೇಣಿದಾರನು ತಾನು ಉಳುವ ಭೂಮಿಗೆ ಒಡೆಯನಾದನು. ಪರರ ನೆಲದಲ್ಲಿ ವಾಸವಿದ್ದ ಕೃಷಿಕಾರ್ಮಿಕನಿಗೂ ತನ್ನ ವಾಸದ ಮನೆಯ ಮೇಲೆ ಹಕ್ಕು ಕೇಳುವ ದಾರಿ ಆ ಕಾನೂನಿನಲ್ಲಿತ್ತು. ಬಳಿಕ ಜನತಾ ಮನೆಗಳು, ಆಶ್ರಯ ಯೋಜನೆಯ ಮನೆಗಳು, ಊರೂರಲ್ಲಿ ಐದು ಸೆಂಟ್ಸಿನ ಕಾಲೊನಿಗಳು ಬಂದವು. ಯಾತ್ರಾಸ್ಥಳವಾದ ಸುಬ್ರಹ್ಮಣ್ಯದಂತಹ ಕಡೆ ಕಷ್ಟ ಇನ್ನೊಂದು ಬಗೆಯದು. ಯಾತ್ರಿಕನ ವಸತಿಗಾಗಿ ನೆಲದ ಬೆಲೆ ಏರಿದಲ್ಲಿ, ಆ ವಸತಿಗೃಹದ ಕೋಣೆ ಗುಡಿಸುವವಳಿಗೂ ಅಡುಗೆಯ ಪಾತ್ರೆ ತೊಳೆಯುವವನಿಗೂ ವಸತಿಯ ನೆಲ ದೂರವಾಗುತ್ತದೆ.

ಈ ತಾಲೂಕುಗಳ ರಬ್ಬರು ತೋಟಗಳ ಕಥೆಯನ್ನು ಇಲ್ಲಿ ನೆನೆಯಲೇಬೇಕು. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳಿಗೂ ಸಿಂಹಳದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರಿಗೂ ಒಂದು ಒಪ್ಪಂದವಾಯಿತು. ಸಿಂಹಳದ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ, ಯಾವ ದೇಶದ ಪೌರತ್ವವೂ ಇಲ್ಲದ, ಭಾರತ ಮೂಲದ 9,75,000 ಜನರಲ್ಲಿ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಂಹಳವೂ ತಮ್ಮ ಪ್ರಜೆಗಳಾಗಿ ಸ್ವೀಕರಿಸುವುದೆಂದು ಗೊತ್ತಾಯಿತು. ಉಳಿದವರ ವಿಷಯ 1974ರಲ್ಲಿ ತೀರ್ಮಾನವಾಯಿತು. ಹಾಗೆ ಹಡಗನ್ನೇರಿ ಬಂದ ಕುಟುಂಬಗಳಲ್ಲಿ ಕೆಲವನ್ನು ಸುಳ್ಯ ಪುತ್ತೂರು ಸೀಮೆಯ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಗೊಳಿಸಲಾಯಿತು. ಇಂದು ಆ ತೋಟಗಳನ್ನು ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ನಡೆಸುತ್ತದೆ. ಮೇದಿನಡ್ಕ, ಐವರ್ನಾಡು ಮುಂತಾದ ಕಡೆಗಳಲ್ಲಿ ಈ ತಮಿಳು ಕುಟುಂಬಗಳ ಎರಡನೆಯ ಮೂರನೆಯ ತಲೆಮಾರಿನವರು ತುಳು ಕನ್ನಡಗಳನ್ನಾಡುತ್ತ ಬಾಳುತ್ತಿದ್ದಾರೆ.

ಅವರಿಗೆ ದೊರೆತುದು ಕೆಲಸದೊಡನೆ ಬರುವ ಮನೆ. ತೋಟದಲ್ಲಿ ವಾಸಿಸುವ ಕಾರ್ಮಿಕನಿಗೆ ವಸತಿ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆ ಮಾಲಿಕನ ಮೇಲೆ ಹೊರಿಸಿತ್ತು. ಅದು ಆ ಕಾಲಕ್ಕೆ ದೊಡ್ಡ ಉಪಕಾರವೇ ಸರಿ. ಆದರೆ ಇಂತಹ ಮನೆಯ ಬುಡ ಕಾರ್ಮಿಕನ ತೋಳಿನಲ್ಲಿರುತ್ತದೆ, ನೆಲದಲ್ಲಿರುವುದಿಲ್ಲ. ತೋಳು ಸೋತ ದಿನ ಮನೆಯೂ ಸೋಲುತ್ತದೆ. ಮೂವತ್ತು ವರ್ಷ ರಬ್ಬರಿನ ಹಾಲು ತೆಗೆದವನು ನಿವೃತ್ತನಾದಾಗ, ಮನೆಯಲ್ಲಿ ಬೇರೆ ಯಾರೂ ಆ ತೋಟದ ಕೆಲಸದಲ್ಲಿಲ್ಲದಿದ್ದರೆ, ತಾನು ಮಕ್ಕಳನ್ನು ಹೆತ್ತು ಬೆಳೆಸಿದ ಸೂರನ್ನೇ ಬಿಟ್ಟುಕೊಡಬೇಕಾದ ಭಯವನ್ನು ಎದುರಿಸುತ್ತಾನೆ. ಸಮುದ್ರವನ್ನು ದಾಟಿ ಬಂದವನು ಮುಪ್ಪಿನಲ್ಲಿ ಒಂದು ಹೊಸ್ತಿಲನ್ನು ದಾಟಲು ನಡುಗುವ ಸ್ಥಿತಿಯಿದು.

ಹೀಗಿರಲು ದುಡಿಯುವವನ ಮನೆ ಮೂರು ಬಗೆಯಾಗಿ ಕಾಣುತ್ತದೆ. ಒಂದು, ಕೆಲಸಕ್ಕೆ ಕಟ್ಟಿದ ಮನೆ. ಅದು ಕೆಲಸವಿರುವವರೆಗೆ ಮಾತ್ರ. ಎರಡು, ಯಾವ ಕರಾರೂ ಇಲ್ಲದ ಸ್ವಂತ ಮನೆ; ಅದನ್ನು ಮಾರಬಹುದು, ಅಡವಿಡಬಹುದು, ಹಾಳುಗೆಡವಲೂಬಹುದು; ಆದರೆ ಕೂಲಿಯವನ ಕೈಗೆ ಅದು ಎಟುಕದು, ಎಟುಕಿದರೂ ಮೊದಲ ಕಷ್ಟಕ್ಕೇ ಕೈಜಾರುವುದು. ಮೂರನೆಯದು ಕರಾರಿನ ಮನೆ. ಅದರಲ್ಲಿ ಕಾರ್ಮಿಕನು ಸಾಯುವವರೆಗೆ ಇರಬಹುದು, ಅವನ ಮಕ್ಕಳು ಇರಬಹುದು, ಯಾವ ಒಡೆಯನೂ ಅವನನ್ನು ಏಳೆನ್ನಲಾರ. ಆದರೆ ಅದನ್ನು ಪೇಟೆಯ ಸರಕಾಗಿ ಮಾಡುವಂತಿಲ್ಲ. ಮೊದಲನೆಯದು ದುಡಿಯುವವನನ್ನು ಕಟ್ಟಿಹಾಕುತ್ತದೆ. ಎರಡನೆಯದು ಮನೆಯನ್ನು ಬಿಚ್ಚಿಬಿಡುತ್ತದೆ. ಮೂರನೆಯದು ಮನೆಯನ್ನು ಕಟ್ಟಿ ದುಡಿಯುವವನನ್ನು ಬಿಡುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಹೀಗೆ ಬರುತ್ತದೆ: ಮಾರಲು ಬಾರದುದು ಒಡೆತನವೇ ಅಲ್ಲ, ಅದು ಬಾಡಿಗೆಯ ಇನ್ನೊಂದು ಹೆಸರು. ಈ ಮಾತು ಕೇಳಲು ಸರಿಯೆನಿಸುತ್ತದೆ. ಆದರೆ ನಮ್ಮ ನಾಡಿನ ಹಳೆಯ ಕಲ್ಲುಗಳು ಬೇರೆಯ ಮಾತನ್ನು ಹೇಳುತ್ತವೆ. ಕನ್ನಡ ನಾಡಿನ ಊರೂರಲ್ಲಿ ದಾನಶಾಸನಗಳಿವೆ. ಮೇಲೆ ಸೂರ್ಯಚಂದ್ರರು, ಹಾಲೂಡುವ ಹಸು ಕರು. ಕೆಳಗೆ ದಾನದ ವಿವರ. ಕೊನೆಯಲ್ಲಿ, ಈ ಭೂಮಿಯನ್ನು ಅಪಹರಿಸಿದವನಿಗೆ ಶಾಪ. ಅನ್ನಛತ್ರಕ್ಕೆ, ವಿದ್ಯಾಸ್ಥಾನಕ್ಕೆ, ಮಠಕ್ಕೆ, ಕೆರೆಯ ಕಾಪಿಗೆ ಬಿಟ್ಟ ಆ ಭೂಮಿಯನ್ನು ಅನುಭವಿಸುವ ಹಕ್ಕು ಪಡೆದವನಿಗಿತ್ತು. ಪರಭಾರೆ ಮಾಡುವ ಹಕ್ಕು ಇರಲಿಲ್ಲ. ಹಾಗೆಂದು ಅವನನ್ನು ಯಾರೂ ಬಾಡಿಗೆಯವನೆಂದು ಕರೆಯಲಿಲ್ಲ. ದಾನ ಮಾಡುವುದಕ್ಕಿಂತ ಮಾಡಿದ ದಾನವನ್ನು ಪಾಲಿಸುವುದೇ ಹೆಚ್ಚಿನ ಪುಣ್ಯವೆಂಬ ಭಾವ ಆ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಡುವವನು ಒಂದು ದಿನ ಕೊಡುತ್ತಾನೆ. ಪಾಲಿಸುವವನು ದಿನದಿನವೂ ಕೊಡುತ್ತಾನೆ. ಇಂದಿನ ಹಕ್ಕುಪತ್ರದ ಕರಾರು ಅಂದಿನ ಶಾಪಾಶಯದ ಮಗುವೇ ಆಗಿದೆ. ಭಾಷೆ ಬೇರೆ, ಆಶಯ ಒಂದೇ.

ದಾಸೋಹಕ್ಕೆ ಬಿಟ್ಟ ಹೊಲವನ್ನು ಮಠಾಧಿಪತಿಯೊಬ್ಬರು ಮಾರಿಕೊಂಡರೆಂದರೆ ಭಕ್ತರು ಸುಮ್ಮನಿರುವರೆ? ಆ ಹೊಲ ಅವರ ಹೆಸರಿನಲ್ಲಿದೆಯಲ್ಲ, ಮಾರಿದರೆ ತಪ್ಪೇನೆಂದು ಯಾರಾದರೂ ಕೇಳುವರೆ? ಹೆಸರು ಅವರದು, ಅನ್ನ ಹಸಿದವರದು ಎಂಬುದನ್ನು ಭಕ್ತರು ಬಲ್ಲರು. ಹಾಗಾದರೆ ನಿವೇಶನರಹಿತ ಕಾರ್ಮಿಕರಿಗೆಂದು ಬಿಟ್ಟ ಐದು ಸೆಂಟ್ಸಿನ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆ ಮರೆಯಾಗಬಾರದು.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದುದು: ಸಿರಿವಂತನು ತನ್ನ ಭೂಮಿಯನ್ನು ಬೇಕಾದ ಬೆಲೆಗೆ ಮಾರಿ ಲಾಭ ಪಡೆಯಬಹುದು, ಬಡವನಿಗೆ ಮಾತ್ರ ಏಕೆ ಕಟ್ಟು? ಪೇಟೆಯ ಬೆಲೆ ಏರುವ ಭಾಗ್ಯ ಅವನ ಪಾಲಿಗೇಕೆ ಇಲ್ಲ? ಇದಕ್ಕೆ ಉತ್ತರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಮನೆಯ ಪೇಟೆಯ ಬೆಲೆ 10 ಲಕ್ಷ ರೂಪಾಯಿ ಎಂದಿರಲಿ. ಕಾರ್ಮಿಕನಿಗೆ ಅದನ್ನು 3 ಲಕ್ಷಕ್ಕೆ ಕೊಟ್ಟರೆಂದಿರಲಿ. ಉಳಿದ 7 ಲಕ್ಷ ಎಲ್ಲಿ ಹೋಯಿತು? ಅದು ಮಾಯವಾಗಲಿಲ್ಲ. ಸರಕಾರದ ಮೂಲಕ ಸಮಾಜವೋ, ಒಬ್ಬ ದಾನಿಯೋ, ಒಂದು ಸಂಸ್ಥೆಯೋ ಅದನ್ನು ಆ ಗೋಡೆಗಳೊಳಗೆ ಇಟ್ಟಿತು. 3 ಲಕ್ಷ ಕಾರ್ಮಿಕನ ಬೆವರು; ಅದು ಅವನದು. ಅವನು ಬಳಿಕ ಕಟ್ಟಿದ ಕೋಣೆ, ತೋಡಿದ ಬಾವಿ, ನೆಟ್ಟ ತೆಂಗು, ಅವುಗಳ ಬೆಲೆಯೂ ಅವನದೇ. ಆದರೆ ಆ 7 ಲಕ್ಷ ಅವನೊಬ್ಬನಿಗೆಂದು ಇಟ್ಟುದಲ್ಲ. ಅದು ಆ ಮನೆಗೆ ಇಟ್ಟ ಠೇವಣಿ. ಅಲ್ಲಿ ಮುಂದೆ ಬರುವ ದುಡಿಮೆಗಾರನ ಪಾಲೂ ಅದರಲ್ಲಿದೆ. ಹತ್ತು ವರ್ಷಗಳ ಮೇಲೆ ಪೇಟೆಯ ಬೆಲೆ 25 ಲಕ್ಷವಾದಾಗ ಆತನು ಹೊರಗಿನವನಿಗೆ ಆ ಬೆಲೆಗೆ ಮಾರಿದರೆ, ತನ್ನದರೊಡನೆ ಇನ್ನೂ ಹುಟ್ಟದ ಒಬ್ಬ ಕೂಲಿಯವನ ಪಾಲನ್ನೂ ಮಾರಿದಂತಾಯಿತು. ಆ ಕೂಲಿಯವನು ನ್ಯಾಯಾಲಯಕ್ಕೆ ಬಂದು ಕೇಳಲಾರ, ಏಕೆಂದರೆ ಅವನಾರೆಂಬುದು ಅವನಿಗೇ ತಿಳಿಯದು. ಹೆಸರಿಲ್ಲದವನ ಪಾಲನ್ನು ಕಾಯುವುದೇ ಕರಾರಿನ ಕೆಲಸ.

ಇದು ನಮ್ಮ ದೇಶದ ಚಿಂತೆ ಮಾತ್ರವಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟಗಳ ನಡುವೆ ಆಸ್ಪೆನ್, ವೇಲ್ ಎಂಬ ವಿಹಾರಪಟ್ಟಣಗಳಿವೆ. ಹೊರಗಿನ ಸಿರಿವಂತರು ಅಲ್ಲಿ ಮನೆ ಕೊಳ್ಳುತ್ತ ಹೋದುದರಿಂದ ಶಾಲೆಯ ಉಪಾಧ್ಯಾಯನೂ ಹೋಟೆಲಿನ ಅಡುಗೆಯವನೂ ಊರಲ್ಲಿ ಇರಲಾರದಂತಾದರು. ಅದಕ್ಕಾಗಿ ಆಸ್ಪೆನ್ನಿನಲ್ಲಿ, ಆ ಸೀಮೆಯಲ್ಲಿ ದುಡಿಯುವವರೇ ಕೊಳ್ಳಬೇಕು, ಮರಳಿ ಮಾರುವಾಗ ಬೆಲೆ ಗೊತ್ತಾದ ಮಿತಿಯನ್ನು ಮೀರಕೂಡದು ಎಂಬ ಕರಾರನ್ನು ಮನೆಯ ಪತ್ರದಲ್ಲಿಯೇ ಬರೆದರು. ವೇಲ್ ಪಟ್ಟಣದ ಆಡಳಿತವು ಮನೆಯೊಡೆಯರಿಗೆ ಹಣ ತೆತ್ತು, ಅವರ ಮನೆಯಲ್ಲಿ ಸ್ಥಳೀಯ ದುಡಿಮೆಗಾರರೇ ವಾಸಿಸಬೇಕೆಂಬ ಕರಾರನ್ನು ಕೊಂಡುಕೊಳ್ಳುತ್ತದೆ. ಹಣವಂತರ ದೇಶವೂ ಕೊನೆಗೆ ಇದೇ ಸತ್ಯಕ್ಕೆ ಬಂದು ನಿಂತಿತು: ಊರಿಗೆ ಅನ್ನ ಬೇಯಿಸುವವನಿಗೆ ಊರಲ್ಲಿ ಮಲಗಲು ಎಡೆಯಿಲ್ಲದಿದ್ದರೆ ಆ ಊರು ಊರಲ್ಲ.

ಬಡವನಿಗೆ ಮಾತ್ರ ಏಕೆ ಕಟ್ಟು ಎಂಬ ಪ್ರಶ್ನೆಗೆ ಶರಣರ ಚರಿತ್ರೆಯಲ್ಲಿ ಇನ್ನೂ ಆಳವಾದ ಉತ್ತರವಿದೆ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಮಡದಿ ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಇಷ್ಟೇಕೆ ತಂದೆಯೆಂದು ಕೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಅಕ್ಕಿಯನ್ನು ಮಾರಯ್ಯನು ಕದ್ದಿರಲಿಲ್ಲ. ಯಾವ ಕಾನೂನೂ ಅವನನ್ನು ಹಿಡಿಯುತ್ತಿರಲಿಲ್ಲ. ಅವನು ಸಿರಿವಂತನೂ ಅಲ್ಲ. ಆದರೂ ಲಕ್ಕಮ್ಮನು ಬಡತನವನ್ನು ನೆಪವಾಗಿ ಒಪ್ಪಲಿಲ್ಲ. ಬಡವನಿಗೆ ಧರ್ಮದಲ್ಲಿ ರಿಯಾಯಿತಿ ಕೊಡುವುದೆಂದರೆ ಅವನನ್ನು ಕೀಳಾಗಿ ಕಂಡಂತೆ. ತನ್ನ ಗಂಡನೂ ಒಬ್ಬ ಪೂರ್ಣಮಾನವನು, ಸಾಕೆನ್ನುವ ಶಕ್ತಿಯುಳ್ಳವನು ಎಂಬ ಗೌರವ ಅವಳ ಮಾತಿನಲ್ಲಿತ್ತು. ಕರಾರಿನ ಮನೆಯಲ್ಲಿ ಬಾಳುವ ಕಾರ್ಮಿಕನನ್ನೂ ಅದೇ ಗೌರವದಿಂದ ನೋಡಬೇಕು. ಅವನು ಮುಂದಿನವನಿಗಾಗಿ ಒಂದು ಪಾಲನ್ನು ಉಳಿಸಬಲ್ಲ ದಾಸೋಹಿ. ದಾಸೋಹವೆಂಬುದು ಉಳ್ಳವರಿಗೆ ಮಾತ್ರ ಮೀಸಲಾದ ಸೊಬಗಲ್ಲ. ಹಾಗೆಯೇ ಕಟ್ಟು ಬಡವನಿಗೆ ಮಾತ್ರ ಮೀಸಲಾದುದೂ ಅಲ್ಲ. ಲಕ್ಕಮ್ಮನು ಕೇಳಿದ ಪ್ರಶ್ನೆ ಹತ್ತು ಮನೆ ಕೂಡಿಟ್ಟವನ ಬಾಗಿಲಲ್ಲಿ ಇನ್ನೂ ಗಟ್ಟಿಯಾಗಿ ಕೇಳಬೇಕಾದುದು.

ಮೂರನೆಯ ಆಕ್ಷೇಪಕ್ಕೆ ಮಾತ್ರ ತರ್ಕದಿಂದ ಉತ್ತರ ಕೊಡಲು ಬಾರದು; ಅದು ಕಣ್ಣೀರಿನ ಆಕ್ಷೇಪ. ಅಡಕೆಯ ಮರದಿಂದ ಬಿದ್ದು ಸೊಂಟ ಮುರಿದವನೊಬ್ಬನನ್ನು ಊಹಿಸಿಕೊಳ್ಳಬಹುದು. ಆಸ್ಪತ್ರೆಗೆ ಹಣ ಬೇಕು, ಮಗಳ ಓದು ನಡೆಯಬೇಕು, ಸಂಘದ ಸಾಲದ ಕಂತು ಕಟ್ಟಬೇಕು. ಅವನಲ್ಲಿರುವುದು ಆ ಐದು ಸೆಂಟ್ಸು ಮತ್ತು ಅದರ ಮೇಲಿನ ಮನೆ. ಆಗ ಒಬ್ಬನು ಬಂದು, ಕ್ರಯಪತ್ರ ಈಗ ಆಗದಿದ್ದರೂ ಚಿಂತೆಯಿಲ್ಲ, ಒಂದು ಒಪ್ಪಂದದ ಕಾಗದವನ್ನೂ ಒಂದು ಅಧಿಕಾರಪತ್ರವನ್ನೂ ಬರೆದುಕೊಡು, ಹಣ ಈಗಲೇ ಕೊಡುತ್ತೇನೆ, ಅವಧಿ ಮುಗಿದ ಮೇಲೆ ನೋಂದಣಿ ಮಾಡಿಸಿದರಾಯಿತು ಎನ್ನುತ್ತಾನೆ. ಕರಾರು ಮುರಿಯುವುದು ಸಾಮಾನ್ಯವಾಗಿ ಹೀಗೆಯೇ; ದುರಾಶೆಯಿಂದಲ್ಲ, ದಾರಿಯಿಲ್ಲದೆ. ಕರಾರಿನ ಜಾಗಕ್ಕೆ ಕೊಡುವ ಬೆಲೆಯೂ ಪೂರ್ಣವಲ್ಲ; ಕಾಗದ ಸರಿಯಿಲ್ಲವೆಂಬ ನೆಪದಿಂದ ಕೊಳ್ಳುವವನು ಅರೆಬೆಲೆಗೆ ಕೊಳ್ಳುತ್ತಾನೆ. ಕೊನೆಗೆ ಕಾರ್ಮಿಕನಿಗೆ ಮನೆಯೂ ಹೋಯಿತು, ಬೆಲೆಯೂ ಬರಲಿಲ್ಲ. ಮುಂದಿನವನ ಪಾಲೂ ಮುಳುಗಿತು.

ಇಲ್ಲಿ ತಪ್ಪನ್ನು ಆ ಗಾಯಾಳುವಿನ ತಲೆಯ ಮೇಲೆ ಹೊರಿಸುವುದು ನಿರ್ದಯೆ. ಬಾಗಿಲಿಲ್ಲದ ಕರಾರು ಗೋಡೆಯೇ ಹೊರತು ಮನೆಯಲ್ಲ. ಮಾರಕೂಡದೆಂದು ಬರೆಯುವವರು, ಹೋಗಲೇಬೇಕಾದವನು ಯಾರಿಗೆ, ಯಾವ ಬೆಲೆಗೆ ಮರಳಿ ಒಪ್ಪಿಸಬಹುದು ಎಂಬುದನ್ನೂ ಬರೆಯಬೇಕು. ಕೊಟ್ಟ ಸಂಸ್ಥೆಯೇ ಅದನ್ನು ಹಿಂದಕ್ಕೆ ಕೊಂಡು, ಅವನು ತೆತ್ತ ಹಣವನ್ನೂ ಅವನು ಕಟ್ಟಿದ್ದರ ಬೆಲೆಯನ್ನೂ ನ್ಯಾಯವಾದ ಏರಿಕೆಯೊಡನೆ ಕೈಗಿತ್ತು, ಸಾಲಿನಲ್ಲಿ ಕಾದಿರುವ ಇನ್ನೊಬ್ಬ ದುಡಿಮೆಗಾರನಿಗೆ ಮನೆಯನ್ನು ಒಪ್ಪಿಸಬೇಕು. ಕಾಯಿಲೆಯ ಕಾಲಕ್ಕೆ ಕೈಗಡ ಕೊಡುವ ಒಂದು ನಿಧಿ ಊರಲ್ಲಿರಬೇಕು. ಇವೆರಡೂ ಇಲ್ಲದ ಕಡೆ ಕರಾರನ್ನು ಮುರಿದವನ ದೋಷದಲ್ಲಿ ನೆರೆಹೊರೆಗೂ ಪಾಲಿದೆ. ನೆರೆಯವನ ಮನೆಯಲ್ಲಿ ಒಲೆ ಆರಿರುವಾಗ ತನ್ನ ಪೂಜೆಯ ದೀಪವನ್ನು ಮಾತ್ರ ನೋಡಿಕೊಳ್ಳುವುದನ್ನು ಶರಣರು ಭಕ್ತಿಯೆಂದು ಕರೆಯಲಿಲ್ಲ.

ಇನ್ನು ಕೊಳ್ಳುವವನ ವಿಚಾರ. ಅವನು ಯಾವಾಗಲೂ ದುಷ್ಟನೆಂದು ತಿಳಿಯಲಾಗದು. ಸಂಪಾಜೆ, ಅರಂತೋಡು ಕಡೆಗಳಲ್ಲಿ ಹಳದಿ ಎಲೆ ರೋಗದಿಂದ ಅಡಕೆಯ ತೋಟವನ್ನು ಕಳೆದುಕೊಂಡ ಕೃಷಿಕನೇ ಅಗ್ಗದ ಮನೆಯೊಂದನ್ನು ಅರಸುತ್ತಿರಬಹುದು. ಆದರೂ ಅವನು ಮೂರು ವಿಷಯಗಳನ್ನು ತಿಳಿದಿರಬೇಕು. ಮೊದಲನೆಯದು, ಇಂದಿನ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು ಸಾಲದು. ಆ ಜಾಗ ಮೊದಲು ಯಾರಿಗೆ, ಯಾವ ಕರಾರಿನೊಡನೆ ಮಂಜೂರಾಯಿತು ಎಂಬ ಮೂಲ ಆಜ್ಞೆಯನ್ನು ನೋಡಬೇಕು. ಭೂಸುಧಾರಣೆಯಲ್ಲಿ ದೊರೆತ ಭೂಮಿಗೆ 15 ವರ್ಷಗಳ ತಡೆಯಿತ್ತು. ದರಖಾಸ್ತಿನ ಭೂಮಿಗೂ ಮಂಜೂರಾತಿಯ ನಿಯಮಗಳಲ್ಲಿ ತಡೆಯುಂಟು.

ಎರಡನೆಯದು, ಅವಧಿ ಕಳೆದರೆ ಎಲ್ಲವೂ ಸರಿಯೆಂಬ ಮಾತು ಎಲ್ಲ ಕಡೆಯೂ ಸಲ್ಲದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಗೆ 1978ರ ಪರಭಾರೆ ನಿಷೇಧ ಕಾಯಿದೆ ಅನ್ವಯಿಸುತ್ತದೆ. ಕರಾರನ್ನು ಮೀರಿ ಆದ ವರ್ಗಾವಣೆ ಅದರ ಪ್ರಕಾರ ಅಸಿಂಧು. ಕಾಯಿದೆ ಬಂದ ಮೇಲೆ ಸರಕಾರದ ಮುನ್ನನುಮತಿಯಿಲ್ಲದೆ ಮಾರಿದುದೂ ಅಸಿಂಧು. ಉಪವಿಭಾಗಾಧಿಕಾರಿಯವರು ಅಂತಹ ಭೂಮಿಯನ್ನು ಬಿಡಿಸಿ ಮೂಲದವನಿಗೋ ಅವನ ವಾರಸುದಾರನಿಗೋ ಮರಳಿಸಬಹುದು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಬಹುಕಾಲ ಕಳೆದು ತಂದ ಅರ್ಜಿ ನಿಲ್ಲದೆಂದು 2017ರಲ್ಲಿ ಅದೇ ನ್ಯಾಯಾಲಯ ಹೇಳಿದಾಗ, ಅರ್ಜಿಗೆ ಕಾಲಮಿತಿಯಿಲ್ಲವೆಂದು ರಾಜ್ಯದ ಶಾಸನಸಭೆ 2023ರಲ್ಲಿ ತಿದ್ದುಪಡಿ ತಂದಿತು. ಮೂರನೆಯದು ಕಾನೂನಿನ ಪುಸ್ತಕದಲ್ಲಿಲ್ಲ: ಕಾಗದ ಸರಿಯಾದ ಮಾತ್ರಕ್ಕೆ ಕೊಂಡುದು ಸರಿಯಾಗದು. ಹತ್ತು ಜನ ಕೂಲಿಯವರಿಗೆಂದು ಮಾಡಿದ ಸಾಲುಮನೆಗಳಲ್ಲಿ ಒಂದನ್ನು, ಈಗಾಗಲೇ ಮನೆಯುಳ್ಳವನು ಬಾಡಿಗೆಗೆ ಕೊಡುವುದಕ್ಕಾಗಿ ಕೊಂಡರೆ, ಅವನು ಪಂಕ್ತಿಯಲ್ಲಿ ಎರಡನೆಯ ಸಲ ಕುಳಿತು ಉಣ್ಣುವವನಂತೆ. ಬಡಿಸುವವನು ಗುರುತಿಸದಿರಬಹುದು, ಹೊರಗೆ ಕಾಯುತ್ತಿರುವವನ ಹಸಿವು ಗುರುತಿಸುತ್ತದೆ.

ಕೊಡುವವರಿಗೂ ಒಂದು ಮಾತು ಸಲ್ಲುತ್ತದೆ. ಇಂದು ಅನೇಕ ದಾನಿಗಳೂ ಸಂಘಸಂಸ್ಥೆಗಳೂ ಬಡವರಿಗೆ ಮನೆ ಕಟ್ಟಿಸಿಕೊಡುವ ಪುಣ್ಯಕಾರ್ಯವನ್ನು ಮಾಡುತ್ತಿದ್ದಾರೆ. ಮನೆ ಮುಂದೆಯೂ ದುಡಿಯುವವರ ಕೈಯಲ್ಲಿಯೇ ಇರಬೇಕೆಂದು ಬಯಸುವವರು, ಕ್ರಯಪತ್ರದಲ್ಲಿ ಎಂದೆಂದಿಗೂ ಮಾರಕೂಡದು ಎಂದು ಬರೆದ ಮಾತ್ರಕ್ಕೆ ಅದು ನಿಲ್ಲದು. ಸ್ವತ್ತನ್ನು ಪೂರ್ಣವಾಗಿ ವರ್ಗಾಯಿಸಿ ಪರಭಾರೆಯನ್ನು ಸಂಪೂರ್ಣ ತಡೆಯುವ ಕರಾರು, ಖಾಸಗಿ ವ್ಯವಹಾರದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 10ನೆಯ ಕಲಮಿನಂತೆ ನಿರರ್ಥಕ. ಗೇಣಿಯ ಪತ್ರಕ್ಕೆ ಆ ಕಲಮಿನಲ್ಲಿ ವಿನಾಯಿತಿಯಿದೆ. ಆದುದರಿಂದ ನೆಲವನ್ನು ಒಂದು ಧರ್ಮಸಂಸ್ಥೆಯ ಹೆಸರಿನಲ್ಲಿ ಉಳಿಸಿಕೊಂಡು, ದೀರ್ಘಕಾಲದ ಗೇಣಿಯ ಮೇಲೆ ಮನೆಯನ್ನು ಕಾರ್ಮಿಕನಿಗೆ ಕೊಡುವುದೊಂದು ದಾರಿ. ತುಳುನಾಡಿಗೆ ಇದು ಅಪರಿಚಿತವಲ್ಲ. ಒಡೆಯನ ಇಷ್ಟದಂತೆ ಬಿಡಿಸಬಹುದಾದ ಚಾಲಗೇಣಿ, ಗೊತ್ತಾದ ಗೇಣಿಯನ್ನು ತೆರುತ್ತ ತಲೆಮಾರುಗಳವರೆಗೆ ಬಾಳಬಹುದಾದ ಮೂಲಗೇಣಿ ಎಂಬ ಭೇದವನ್ನು ಇಲ್ಲಿನ ಹಿರಿಯರು ಬಲ್ಲರು. ಇನ್ನೊಂದು ಮಾರ್ಗವನ್ನು ವಿನೋಬಾ ಭಾವೆಯವರು ತೋರಿಸಿದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಮೊದಲಾಯಿತು. ಅದು ಬೆಳೆದು ಗ್ರಾಮದಾನವಾದಾಗ, ಭೂಮಿಯ ಒಡೆತನ ಗ್ರಾಮಸಭೆಯದು, ಉಳುಮೆಯ ಹಕ್ಕು ಕುಟುಂಬದ್ದು, ಊರ ಹೊರಗಿನವರಿಗೆ ಮಾರಾಟವಿಲ್ಲ ಎಂಬ ನಿಯಮವಾಯಿತು. ದಾನವಾಗಿ ಬಂದ ಭೂಮಿಯಲ್ಲಿ ಎಷ್ಟೋ ಭಾಗ ಹಂಚಿಕೆಯಾಗದೆ ಉಳಿದುದೂ ಚರಿತ್ರೆಯೇ. ಕೊಡುವ ಉತ್ಸಾಹದಷ್ಟು ಪಾಲಿಸುವ ತಾಳ್ಮೆ ಇಲ್ಲದಿದ್ದರೆ ಹೀಗಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಸುಳ್ಯದ ರಬ್ಬರು ತೋಟದ ಕಾರ್ಮಿಕನಿಗೋ, ಪುತ್ತೂರಿನ ಗೇರುಬೀಜದ ಕಾರ್ಖಾನೆಯ ಹೆಂಗಸಿಗೋ, ಕಡಬದ ಅಡಕೆ ತೋಟದ ಕೂಲಿಯವನಿಗೋ ಒಂದು ಕರಾರಿನ ಮನೆ ದೊರೆಯುವಂತಿದ್ದರೆ ಅವರು ಅದನ್ನು ಕೊಳ್ಳಬೇಕೆ? ಪತ್ರವನ್ನು ಓದಿಸಿ ಕೇಳಿ, ಇರುವ ಹಕ್ಕು ಯಾವುದು, ಇಲ್ಲದ ಹಕ್ಕು ಯಾವುದು, ಮಕ್ಕಳಿಗೆ ಸಲ್ಲುವುದೆ, ಬಿಡಬೇಕಾದರೆ ಕೈಗೆ ಬರುವುದೆಷ್ಟು ಎಂಬುದನ್ನು ಖಚಿತಪಡಿಸಿಕೊಂಡು ಕೊಳ್ಳಬಹುದು. ಲಾಭಕ್ಕಾಗಿ ಮನೆಯನ್ನು ಬಯಸುವವನಿಗೆ ಅದು ತಕ್ಕುದಲ್ಲ. ಬಾಳುವುದಕ್ಕಾಗಿ ಬಯಸುವವನಿಗೆ ಅದು ಪೂರ್ಣ ಮನೆ. ಅದರ ಜಗಲಿಯ ಮೇಲೆ ಕುಳಿತವನನ್ನು ಮುಪ್ಪಿನಲ್ಲಿ ಯಾರೂ ಏಳಿಸಲಾರರು. ಮಾರುವ ಹಕ್ಕಿಗಿಂತ ಏಳಿಸಿಕೊಳ್ಳದಿರುವ ಹಕ್ಕು ದುಡಿಯುವವನಿಗೆ ದೊಡ್ಡದು.

ಪಡೆದುದನ್ನು ಪ್ರಸಾದವೆಂದು ತಿಳಿಯುವುದು ಶರಣಮಾರ್ಗದ ತಿರುಳು. ಪ್ರಸಾದವನ್ನು ತೃಪ್ತಿಯಾಗಿ ಉಣ್ಣಬಹುದು. ಕೆಡಿಸಬಾರದು, ಮಾರಬಾರದು, ಮುಂದಿನವನ ಪಾಲನ್ನು ಮುಚ್ಚಿಡಬಾರದು. ಯೋಚಿಸಿ ನೋಡಿದರೆ ಈ ಲೋಕದಲ್ಲಿ ಕರಾರಿಲ್ಲದ ಮನೆ ಯಾವುದು? ಮುರಕಲ್ಲಿನ ಗೋಡೆಯಾಗಲಿ, ಕಗ್ಗಲ್ಲಿನ ಅರಮನೆಯಾಗಲಿ, ಈ ದೇಹವೆಂಬ ಮನೆಯೇ ಆಗಲಿ, ಎಲ್ಲವನ್ನೂ ಇದ್ದಷ್ಟು ದಿನ ಬಾಳಿ, ಶುಚಿಯಾಗಿಟ್ಟು, ಬಿಟ್ಟು ಹೋಗತಕ್ಕದ್ದೇ. ಇದನ್ನರಿತ ಗೃಹಸ್ಥನು ಬಡವನ ಹಕ್ಕುಪತ್ರದಲ್ಲಿರುವ ಕರಾರನ್ನು ಕಂಡು ಮರುಗುವುದಿಲ್ಲ; ತನ್ನ ಕ್ರಯಪತ್ರದಲ್ಲಿಯೂ ಕಾಣದ ಅಕ್ಷರಗಳಲ್ಲಿ ಅದೇ ಕರಾರು ಬರೆದಿದೆಯೆಂದು ತಿಳಿದು, ಹೊಸ್ತಿಲಾಚೆ ನಿಂತವನಿಗೆ ಎಡೆಮಾಡಿಕೊಡುತ್ತಾನೆ.